ಎಡಗಿವಿಯ ಕಡೆಯ ಸೀಟು

ಮೊನ್ನೆ ಊಟದ ಬಿಡುವಿನಲ್ಲಿ ನಮ್ಮ ಕಾರ್ಖಾನೆಯ ಡಿಸ್ಪ್ಯಾಚ್ ಮಂಜುನಾಥ ಫೋನು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದ. ಲಗ್ಗೆರೆಯವನು, ಇಬ್ಬರು ಮಕ್ಕಳ ತಂದೆ, ಮೊದಲ ಸಲ ವಿಮಾನ ಹತ್ತುವವನಿದ್ದ.

"ಸಾರ್, ಸೀಟ್ ಸೆಲೆಕ್ಟ್ ಮಾಡಿ ಅಂತಿದೆ. ಯಾವ್ದು ಒತ್ಲಿ? ಎಲ್ಲಾ ಒಂದೇ ಥರ ಕಾಣ್ತಾವೆ."

ಎಲ್ಲಾ ಒಂದೇ ಥರ! ನನಗೆ ರೇಗಿಹೋಯಿತು. ಪೀಣ್ಯದಲ್ಲಿ ಮೂವತ್ತೊಂದು ವರ್ಷದಿಂದ ತಗಡು ಒತ್ತುವ ಅಚ್ಚುಗಳನ್ನು ಮಾಡಿಸಿಕೊಂಡು ಬಂದವನು ನಾನು. ನಕ್ಷೆ ಎಂದರೆ ನನಗೆ ಊಟ ಬೇಡ, ನಿದ್ದೆ ಬೇಡ. ವಿಮಾನದ ಸೀಟುಗಳ ಚಿತ್ರವೂ ಒಂದು ನಕ್ಷೆಯೇ. ನೋಡಲು ಇಡ್ಲಿ ತಟ್ಟೆಯ ಹಾಗೆ ಸಾಲು ಸಾಲು ಗುಳಿ ಕಾಣುತ್ತದೆ, ನಿಜ. ಆದರೆ ಒಂದೊಂದು ಗುಳಿಗೂ ಒಂದೊಂದು ಸ್ವಭಾವ ಇದೆ. ತುರ್ತು ಬಾಗಿಲಿನ ಮುಂದಿನ ಸಾಲಿನ ಬೆನ್ನು ಹಿಂದಕ್ಕೆ ಬಾಗುವುದಿಲ್ಲ, ಕೋರ್ಟಿನಲ್ಲಿ ಸಾಕ್ಷಿ ಹೇಳುವವನಂತೆ ನೆಟ್ಟಗೆ ಕೂರಬೇಕು. ಕೆಲವು ಸಾಲುಗಳಲ್ಲಿ ಕಿಟಕಿ ಸೀಟು ಅಂತ ಹೆಸರಿಗೆ ಇರುತ್ತದೆ, ಕಿಟಕಿ ಇರುವುದಿಲ್ಲ; ಒಂದು ಗಂಟೆ ಗೋಡೆ ನೋಡಿಕೊಂಡು ಹೋಗಬಹುದು. ಕಟ್ಟಕಡೆಯ ಸಾಲಿನಲ್ಲಿ ಕೂತರೆ ಶೌಚಾಲಯಕ್ಕೆ ನಿಂತವರೆಲ್ಲ ನಿಮ್ಮ ತಲೆಯ ಮೇಲೆ ಕೈ ಊರುತ್ತಾರೆ. ರೆಕ್ಕೆಯ ಪಕ್ಕ ಪಂಖ ತಿರುಗುವ ಸಣ್ಣ ವಿಮಾನವಾದರಂತೂ ಪಂಖದ ಸಾಲನ್ನು ಬಿಟ್ಟು ಕೂರಬೇಕು, ಇಲ್ಲದಿದ್ದರೆ ಹಿಟ್ಟಿನ ಗಿರಣಿಯೊಳಗೆ ಕೂತ ಹಾಗೆ. ಇಷ್ಟನ್ನೂ ಮಂಜುನಾಥನಿಗೆ ಹೇಳಿದೆ. ಅವನು ತಲೆಯಾಡಿಸುತ್ತಾ ಕೇಳಿ, ಕೊನೆಗೆ ಶೌಚಾಲಯದ ಪಕ್ಕದ ಸೀಟನ್ನೇ ಒತ್ತಿದ. "ಶುಗರ್ ಐತೆ ಸಾರ್, ಅದೇ ಒಳ್ಳೇದು" ಅಂದ. ಅವನ ಲೆಕ್ಕ ಅವನಿಗೆ.

ಸೀಟಿನ ಹುಚ್ಚು ನನಗೆ ಹುಟ್ಟಿದ್ದು ಗದಗಿನ ಬಸ್ ನಿಲ್ದಾಣದಲ್ಲಿ. ಬಸ್ಸು ಇನ್ನೂ ಒಳಗೆ ಬರುತ್ತಿರುವಾಗಲೇ ನಮ್ಮಪ್ಪ ಓಡಿಹೋಗಿ ಕಿಟಕಿಯಿಂದ ಹೆಗಲ ಮೇಲಿನ ಟವೆಲ್ಲನ್ನು ಸೀಟಿನ ಮೇಲೆ ಎಸೆಯುತ್ತಿದ್ದ. ಟವೆಲ್ ಬಿದ್ದ ಸೀಟು ನಮ್ಮದು. ಅದಕ್ಕೆ ಯಾವ ಕಾನೂನಿನ ಪುಸ್ತಕವೂ ಬೇಕಿರಲಿಲ್ಲ. ಒಮ್ಮೆ ಮಾತ್ರ ಮೀಸೆಯ ಮನುಷ್ಯನೊಬ್ಬ ಟವೆಲ್ಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಕೂತುಬಿಟ್ಟಿದ್ದ. ಅಪ್ಪ ಜಗಳಕ್ಕೆ ಹೋದರೆ, "ತಗೋರಿ ನಿಮ್ಮ ಟವೆಲ್ಲು, ಭಾಳ ಚಲೋ ಐತಿ" ಎಂದು ಮರ್ಯಾದೆಯಿಂದ ಹಿಂತಿರುಗಿಸಿದ. ಲಕ್ಕುಂಡಿಯವರೆಗೂ ನಾವು ನಿಂತೇ ಹೋದೆವು. ಅಪ್ಪನಿಗೆ ಸೀಟಿನ ಬಗ್ಗೆ ಎರಡು ನಿಯಮ ಇದ್ದವು. "ಗಾಲಿ ಮ್ಯಾಲಿನ ಸೀಟು ಹಿಡೀಬ್ಯಾಡ, ನಡಾ ಮುರೀತೈತಿ. ಬಿಸಲು ಯಾ ಕಡೆ ಬೀಳತೈತಿ ಅಂತ ಮೊದಲ ನೋಡು." ಸೂರ್ಯ ಯಾವ ಕಡೆ, ಊರು ಯಾವ ಕಡೆ ಎಂದು ಕೈಬೆರಳಿನಲ್ಲಿ ದಿಕ್ಕು ತೋರಿಸಿ ಆಮೇಲೆ ಓಡುತ್ತಿದ್ದ. ಅಷ್ಟರಲ್ಲಿ ಎಷ್ಟೋ ಸಲ ಬಸ್ಸು ತುಂಬಿರುತ್ತಿತ್ತು.

ಇದೆಲ್ಲ ಹೇಳಿದೆನಾದರೂ ನಾನು ಸೀಟು ಆರಿಸುವುದು ಬಿಸಿಲಿಗಾಗಿ ಅಲ್ಲ, ನಡುವಿಗಾಗಿಯೂ ಅಲ್ಲ. ಕಿವಿಗಾಗಿ. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ನಿಲ್ಲಿಸಿದ್ದು ದೊಡ್ಡ ಪ್ರೆಸ್ಸಿನ ಪಕ್ಕ, ಅದು ನನ್ನ ಎಡಕ್ಕೆ. ಹೊಸ ಅಚ್ಚು ಹಾಕಿ ತಗಡು ಒತ್ತಿಸಿ ನೋಡುವುದು ನನ್ನ ಕೆಲಸ. ದಿನಕ್ಕೆ ಸಾವಿರಾರು ಏಟು. ಕಿವಿಗೆ ಹಾಕಿಕೊಳ್ಳಲು ಹತ್ತಿ, ರಬ್ಬರಿನ ಬಿರಡೆ ಎಲ್ಲ ಕೊಡುತ್ತಿದ್ದರು. ಹಾಕಿಕೊಂಡವನನ್ನು ನಾವೇ ಆಡಿಕೊಳ್ಳುತ್ತಿದ್ದೆವು. ಹತ್ತು ವರ್ಷ ಕಳೆಯುವಷ್ಟರಲ್ಲಿ ನನ್ನ ಎಡಗಿವಿ ಸದ್ದಿಲ್ಲದೆ ಕೆಲಸ ಬಿಟ್ಟು ಹೋಗಿತ್ತು. ಪ್ರೆಸ್ ಶಾಪಿನಲ್ಲಿ ಹಳಬರನ್ನು ನೋಡಿ, ಎಲ್ಲರೂ ತಲೆಯನ್ನು ಒಂದು ಕಡೆಗೆ ವಾಲಿಸಿ ಮಾತಾಡುತ್ತಾರೆ. ಅವರವರ ಪ್ರೆಸ್ಸು ಯಾವ ಕಡೆ ಇತ್ತು ಎಂದು ಅದರಿಂದಲೇ ಹೇಳಬಹುದು. ನಾನು ಮಾತ್ರ ತಲೆ ವಾಲಿಸದ ಜಾಣ. ಅದಕ್ಕೆ ಬದಲು ಕೂರುವ ಜಾಗವನ್ನೇ ಬದಲಿಸಿದೆ. ಬಸ್ಸಿನಲ್ಲಿ ಎಡಗಡೆಯ ಕಿಟಕಿ, ಆಟೋದಲ್ಲಿ ಎಡತುದಿ, ಮೀಟಿಂಗಿನಲ್ಲಿ ಎಡಕ್ಕೆ ಗೋಡೆ ಇರುವ ಕುರ್ಚಿ. ಮದುವೆ ಮನೆಯ ಪಂಕ್ತಿಯಲ್ಲೂ ಎಡತುದಿಯ ಎಲೆಯೇ ಬೇಕು. ಪಾಯಸದ ಬಕೆಟ್ಟು ಆ ತುದಿಗೆ ಬರುವಷ್ಟರಲ್ಲಿ ತಳ ಕಾಣುತ್ತಿರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ನಾನು ಕಳೆದುಕೊಂಡ ಪಾಯಸ ಸ್ವಲ್ಪವಲ್ಲ. ತಪ್ಪಿ ಯಾರಾದರೂ ಎಡಕ್ಕೆ ಸಿಕ್ಕಿಹಾಕಿಕೊಂಡರೆ ಅದಕ್ಕೂ ಉಪಾಯ ಇತ್ತು. ಅವರ ಮುಖ ನೋಡುತ್ತಿರುವುದು, ಅವರು ನಕ್ಕರೆ ನಗುವುದು, ಹುಬ್ಬು ಗಂಟಿಕ್ಕಿದರೆ "ಛೆ ಛೆ" ಎನ್ನುವುದು, ಉಳಿದ ಸಮಯವೆಲ್ಲ "ಹೂಂ" ಎನ್ನುವುದು. ಎಷ್ಟು ಜನ ನನ್ನನ್ನು ಒಳ್ಳೆಯ ಕೇಳುಗ ಎಂದು ಹೊಗಳಿದ್ದಾರೋ ಲೆಕ್ಕವಿಲ್ಲ.

ವಿಮಾನದಲ್ಲಿ ನನ್ನ ಖಾಯಂ ಸೀಟು ಎ. ಎಡಗಡೆಯ ಕಿಟಕಿ. ಹೆಂಡತಿ ಶಾಂತಾ ಪಕ್ಕದಲ್ಲಿ, ನನ್ನ ಬಲಕ್ಕೆ. "ನಮ್ಮವರಿಗೆ ಮೋಡ ನೋಡೋ ಚಟ" ಎಂದು ಅವಳು ಎಲ್ಲರ ಹತ್ತಿರ ಹೇಳುತ್ತಿದ್ದಳು. ನಾನೂ ಒಪ್ಪಿಕೊಂಡಿದ್ದೆ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಮೋಡದ ಹುಚ್ಚ ಅನ್ನಿಸಿಕೊಳ್ಳುವುದು ಮೇಲು.

ಈಗ ಕಳೆದ ತಿಂಗಳ ಹುಬ್ಬಳ್ಳಿ ಪ್ರಯಾಣದ ವಿಷಯಕ್ಕೆ ಬರುತ್ತೇನೆ. ಮುಂದಿನ ವರ್ಷ ನನಗೆ ನಿವೃತ್ತಿ. ಮಗಳು ಮೈಸೂರಿನಲ್ಲಿ ತನ್ನ ಸಂಸಾರದಲ್ಲಿದ್ದಾಳೆ. ನಾವಿಬ್ಬರು ಟಿ. ದಾಸರಹಳ್ಳಿಯಲ್ಲಿ ಇನ್ನೇಕೆ ಇರಬೇಕು, ನಮ್ಮ ಕಡೆಗೇ ಹೋಗಿಬಿಡೋಣ ಎಂದು ನಾನು ತೀರ್ಮಾನ ಮಾಡಿದ್ದೆ. ಹುಬ್ಬಳ್ಳಿಯಲ್ಲಿ ಒಂದು ಮನೆಯನ್ನೂ ಗೊತ್ತು ಮಾಡಿ, ಕರಾರಿಗೆ ಇಬ್ಬರೂ ಬಂದು ಸಹಿ ಹಾಕುತ್ತೇವೆ ಎಂದು ಮಾತು ಕೊಟ್ಟಿದ್ದೆ. ಶಾಂತಾಳನ್ನು ಕೇಳಲಿಲ್ಲವೇ ಎಂದರೆ, ಕೇಳಿದೆ ಸ್ವಾಮಿ. ಕೇಳಿದ್ದು ಹೀಗೆ: "ಎರಡನೇ ಮಹಡಿ ತಗೊಳ್ಳೋಣೋ, ಮೂರನೇದೋ?" ಅವಳು, "ನಿಮಗ ಹೆಂಗ ಬೇಕೋ ಹಂಗ" ಅಂದಳು. ಅದನ್ನೇ ಒಪ್ಪಿಗೆ ಎಂದು ತಿಳಿದೆ.

ನಮ್ಮ ಪಕ್ಕದ ಮನೆಯ ಗೌರಮ್ಮ ದಾಸರಹಳ್ಳಿಯ ಮೂಲದವರು. ಮದುವೆಯಾದ ಮೇಲೆ ನಾವು ಹತ್ತು ವರ್ಷ ಅವರ ಮನೆಯ ಹಿಂದಿನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆವು, ಆಮೇಲೆ ಪಕ್ಕದಲ್ಲೇ ನಮ್ಮದು ಅಂತ ಒಂದು ಸೂರು ಮಾಡಿಕೊಂಡೆವು. ಸುದ್ದಿ ಕೇಳಿ ಅವರು ಕಾಂಪೌಂಡಿನ ಆಚೆಯಿಂದ, "ಏನ್ ಶಾಂತಮ್ಮಾ, ಓಗೇಬಿಡ್ತೀಯಾ ಅಂಗಾದ್ರೆ?" ಎಂದು ಕೇಳಿದರು. ಶಾಂತಾ ಬಟ್ಟೆ ಒಣಗಿಸುತ್ತಿದ್ದಳು, ಹಿಂಡಿದ ಸೀರೆಯನ್ನೇ ಮತ್ತೊಮ್ಮೆ ಹಿಂಡಿದಳು. ನಾನೇ ಮುಂದೆ ಬಂದು, "ಹೌದಮ್ಮಾ, ಎಷ್ಟೇ ಆದ್ರೂ ನಮ್ಮೂರ ಕಡೆ ಅಲ್ವಾ" ಎಂದು ಅವಳ ಪರವಾಗಿ ಉತ್ತರ ಕೊಟ್ಟೆ.

ಸಹಿಗೆ ಬೆಳಿಗ್ಗೆಯೇ ಇರಬೇಕಾದ್ದರಿಂದ ವಿಮಾನದಲ್ಲಿ ಹೋಗುವುದೆಂದಾಯಿತು. ಸೀಟು ಆರಿಸಲು ಕೂತೆ. ನನ್ನ ಮೂವತ್ತೊಂದು ವರ್ಷದ ವಿದ್ಯೆ ಕೈಕೊಟ್ಟದ್ದು ಇಲ್ಲೇ.

ದೊಡ್ಡ ವಿಮಾನದಲ್ಲಿ ಮುಂದಿನ ಬಾಗಿಲಿನಿಂದ ಹತ್ತುತ್ತೇವೆ. ಒಳಗೆ ನಡೆಯುವಾಗ ಎ ಸೀಟುಗಳು ನಮ್ಮ ಬಲಗೈಗೆ ಸಿಗುತ್ತವೆ, ತಿರುಗಿ ಕೂತರೆ ಅದೇ ಎಡಗಡೆಯ ಕಿಟಕಿ. ಹುಬ್ಬಳ್ಳಿಗೆ ಹೋಗುವುದು ಪಂಖದ ಸಣ್ಣ ವಿಮಾನ. ಅದರಲ್ಲಿ ಆ ಕಡೆ ಎರಡು, ಈ ಕಡೆ ಎರಡು ಸೀಟು. ಎ ಆದ ಮೇಲೆ ಸಿ, ಡಿ ಆದ ಮೇಲೆ ಎಫ್. ನಡುವಿನ ಸೀಟು ಇಲ್ಲದ್ದರಿಂದ ಬಿ, ಇ ಎರಡಕ್ಕೂ ರಜೆ. ಹತ್ತುವ ಬಾಗಿಲು ಹಿಂದೆ, ಬಾಲದ ಹತ್ತಿರ. ನಾನು ಯೋಚಿಸಿದೆ: ಬಾಗಿಲೇ ತಿರುಗಿದ ಮೇಲೆ ಅಕ್ಷರಗಳೂ ತಿರುಗಬೇಕಲ್ಲ! ಒಳಗೆ ಬರುವವನ ಬಲಗೈಗೆ ಎ ಎಂದಾದರೆ ಈ ವಿಮಾನದಲ್ಲಿ ಎ ಬಲಗಡೆಯ ಕಿಟಕಿ, ಎಫ್ ಎಡಗಡೆಯದು. ಫೋನಿನ ಚಿತ್ರದಲ್ಲಿ ಎ ಎಡಕ್ಕೇ ಇತ್ತು. ಅದು ಕೆಳಗಿನಿಂದ ನೋಡಿ ಬರೆದ ಚಿತ್ರ ಇರಬೇಕು ಎಂದುಕೊಂಡೆ. ನಮ್ಮ ಕಸುಬಿನಲ್ಲಿ ಇದು ದಿನನಿತ್ಯದ ಮಾತು, ಅಚ್ಚಿನಲ್ಲಿ ಎಡಕ್ಕೆ ಕೊರೆದದ್ದು ತಗಡಿನ ಮೇಲೆ ಬಲಕ್ಕೆ ಬೀಳುತ್ತದೆ. ಬೇರೆ ಯಾವ ಮನುಷ್ಯನಾದರೂ ಚಿತ್ರದಲ್ಲಿ ಎಡಕ್ಕೆ ಕಂಡದ್ದನ್ನು ಎಡ ಎಂದೇ ನಂಬುತ್ತಿದ್ದ. ನಾನು ತಿಳಿದವನಲ್ಲವೇ? ಪಂಖದ ಗದ್ದಲದಿಂದ ದೂರ ಹದಿನಾಲ್ಕನೇ ಸಾಲು ಹಿಡಿದು, ನನಗೆ ಎಫ್, ಶಾಂತಾಳಿಗೆ ಡಿ ಒತ್ತಿದೆ.

ಹದಿನಾಲ್ಕನೇ ಸಾಲಿಗೆ ಬಂದು ನಿಂತಾಗ ಎಫ್ ಬಲಗಡೆಯ ಕಿಟಕಿಯಾಗಿತ್ತು. ಬೆಳಗಿನ ಬಿಸಿಲು ನೇರವಾಗಿ ಆ ಸೀಟಿನ ಮೇಲೇ ಬೀಳುತ್ತಿತ್ತು. ಅಪ್ಪ ಇದ್ದಿದ್ದರೆ ಅದಕ್ಕೂ ಬೈಯುತ್ತಿದ್ದ. ಪರವಾಗಿಲ್ಲ, ಸೀಟು ಅದಲು ಬದಲು ಮಾಡಿದರಾಯಿತು. ಕಿಟಕಿಗೆ ಶಾಂತಾ ಹೋದರೆ ಅವಳು ನನ್ನ ಬಲಕ್ಕೇ ಬರುತ್ತಾಳೆ.

"ನೀ ಕಿಟಕಿ ಕಡೆ ಕುಂದ್ರು. ಮೋಡ ಕಾಣ್ತಾವು" ಎಂದೆ.

"ಮೋಡ ನೀವಽ ನೋಡ್ರಿ. ನನಗ ಇಲ್ಲೇ ಚಲೋ ಐತಿ."

"ಅಲ್ಲ, ಹೊರಗಿನ ಸೀಟಿನ್ಯಾಗ ಕುಂತ್ರ ಚಾದ ಗಾಡಿ ಬಂದು ಮೊಣಕೈಗೆ ಬಡೀತೈತಿ."

"ಬಡೀಲಿ."

ಹಿಂದೆ ನಿಂತಿದ್ದವರು, "ಸಾರ್, ಸ್ವಲ್ಪ ಕೂತ್ಕೊಂಡ್ಬಿಡಿ, ಲೈನ್ ನಿಂತಿದೆ" ಅಂದರು. ಕಾರಣ ಹೇಳುವ ಹಾಗಿಲ್ಲ, ಜಗಳ ಆಡುವ ಹಾಗಿಲ್ಲ. ಬಿಸಿಲಿಗೆ ಮುಖ ಕೊಟ್ಟು ಕಿಟಕಿಗೆ ಕೂತೆ. ಸತ್ತ ಕಿವಿ ಹೆಂಡತಿಯ ಕಡೆಗೆ, ಒಳ್ಳೆಯ ಕಿವಿ ವಿಮಾನದ ಗೋಡೆಯ ಕಡೆಗೆ.

ವಿಮಾನ ಮೇಲಕ್ಕೇರಿ ನೆಟ್ಟಗಾದ ಮೇಲೆ ಶಾಂತಾ ಮಾತಾಡಲು ಶುರುಮಾಡಿದಳು. ಅವಳು ಸಾಮಾನ್ಯವಾಗಿ ಹೆಚ್ಚು ಮಾತಾಡುವವಳಲ್ಲ. ಆವತ್ತು ಬಿಡದೆ ಮಾತಾಡಿದಳು. ನನ್ನ ಮುಖ ನೋಡದೆ, ಎದುರಿನ ಸೀಟಿನ ಬೆನ್ನು ನೋಡಿಕೊಂಡು, ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ. ನನಗೆ ಕೇಳಿಸುತ್ತಿದ್ದದ್ದು ಪಂಖದ ಗುಂಯ್ ಒಂದೇ. ನಾನು ನನ್ನ ಉಪಾಯ ಹೂಡಿದೆ. "ಹೂಂ" ಅಂದೆ. ಅವಳು ಸ್ವಲ್ಪ ನಕ್ಕಾಗ ನಕ್ಕೆ. ಒಂದು ಸಲ ಅವಳು ಅಂಗೈಯನ್ನು ಎದೆಯ ಎತ್ತರಕ್ಕೆ ಹಿಡಿದು ತೋರಿಸಿದಳು. ಓಹೋ, ಅಡುಗೆಮನೆಯ ಕಟ್ಟೆಯ ಎತ್ತರ ಎಂದುಕೊಂಡೆ, ಹೊಸ ಮನೆಯಲ್ಲಿ ಎಷ್ಟಿರಬೇಕೆಂದು ಹೇಳುತ್ತಿದ್ದಾಳೆ. "ಹಂಗ ಮಾಡಿಸೋಣ ಬಿಡು" ಎಂದೂ ಒಂದು ಸಲ ಅಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಬೆಲ್ಟು ಹಾಕಿಕೊಳ್ಳುವ ದೀಪ ಹತ್ತಿದಾಗ ಮಾತು ನಿಲ್ಲಿಸಿದಳು. ತಲೆಯ ಮೇಲಿನ ಹೊರೆ ಇಳಿಸಿದ ಹಾಗಿತ್ತು ಅವಳ ಮುಖ. ನನಗೂ ಖುಷಿಯಾಯಿತು.

ಹುಬ್ಬಳ್ಳಿಯಲ್ಲಿ ಇಳಿದು ಕಟ್ಟಡದೊಳಗೆ ಬಂದಾಗ ಮನೆ ಮಾರುವವರ ಫೋನು ಬಂತು, ಹೊರಗೆ ಕಾರು ತಂದು ಕಾಯುತ್ತಿದ್ದರು. "ಬಂದ್ವಿರಿ, ಹತ್ತು ನಿಮಿಷ. ಸಹಿ ಮುಗಿಸಿಬಿಡೋಣ" ಎಂದೆ. ಫೋನು ಇಟ್ಟು ನೋಡಿದರೆ ಶಾಂತಾ ಅಲ್ಲಿನ ಸ್ಟೀಲ್ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು.

"ಹಂಗಾದ್ರ ನಾ ಹೇಳಿದ್ದು?" ಎಂದಳು.

"ಎಲ್ಲಾ ಕೇಳಿದೆನಲ್ಲ."

"ಏನ್ ಕೇಳಿದ್ರಿ, ಹೇಳ್ರಿ ನೋಡೋಣು."

"ಅದಽ... ಅಡಗಿ ಮನಿ ಕಟ್ಟಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಕ್ಕಪಕ್ಕದವರು ತಿರುಗಿ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು, "ನಿಮಗ ಎಡಗಿವಿ ಕೇಳಂಗಿಲ್ಲ. ನನಗ ಗೊತ್ತೈತಿ."

ನಾನು ಅವಳ ಪಕ್ಕ ಕೂತೆ. ಅವಳು ನನ್ನ ಎಡಕ್ಕೆ ಬಂದಳು, ಮೊದಲ ಸಲ ತಲೆ ವಾಲಿಸಿ ಬಲಗಿವಿಯನ್ನು ಅವಳ ಕಡೆ ತಿರುಗಿಸಿದೆ.

"ಯಾವಾಗಿಂದ?"

"ಭಾಳ ವರ್ಷ ಆತು. ಫೋನು ಬಲಗಿವಿಗೆ ಹಿಡಕೊಂಡು ಅಡಗಿ ಮನಿ ಬಾಗಿಲದಾಗ ನಿಂತಿರ್ತಿದ್ರಿ. ಕುಕ್ಕರ್ ಆರು ಸೀಟಿ ಹೊಡದ್ರೂ ನಿಮಗ ಗೊತ್ತಾಗ್ತಿರಲಿಲ್ಲ. ಬ್ಯಾಳಿ ಹೊತ್ತಿದ್ದು ಒಂದ ದಿನಾ ಎರಡ ದಿನಾ?"

"ಗೊತ್ತಿದ್ದೂ ವಿಮಾನದಾಗ ಆ ಕಡೆ ಯಾಕ ಕುಂತಿ? ನಾ ಕಿಟಕಿ ಬಿಟ್ಟುಕೊಟ್ಟೆನಲ್ಲ."

"ಅದಕ್ಕಽ ಕುಂತೆ" ಎಂದಳು. ಸೆರಗು ಸರಿಮಾಡಿಕೊಂಡು, "ಬಲಗಿವಿಗೆ ಹೇಳಿದ್ರ ನಾ ಮಾತು ಮುಗಸೂದ್ರೊಳಗ ನೀವು ಉತ್ತರಾ ಕೊಡ್ತೀರಿ. ಎಡಗಿವಿಗೆ ಹೇಳಿದ್ರ ಪೂರ್ತಿ ಹೇಳಾಕ ಸಿಗತೈತಿ, ಮನ್ಯಾಗೂ ಎಷ್ಟೋ ಸಲ ಹಂಗಽ ಹೇಳೇನಿ. ಇದನ್ನೂ ಒಮ್ಮೆ ಪೂರ್ತಿ ಹೇಳೋಣು ಅನ್ನಿಸ್ತು. ನಿಮಗ ಕೇಳಿಸಲಿ, ಬಿಡಲಿ" ಎಂದಳು.

ನನಗೆ ತುಂಬಾ ನಾಚಿಕೆಯಾಯಿತು. ಕಿವಿ ಹೋದದ್ದು ಗೊತ್ತಾಗಿದೆ ಎಂದಲ್ಲ. ಎದ್ದು, ಅವಳ ಇನ್ನೊಂದು ಪಕ್ಕದ ಕುರ್ಚಿಗೆ ಹೋಗಿ ಕೂತೆ. ಈಗ ಅವಳು ನನ್ನ ಬಲಕ್ಕಿದ್ದಳು.

"ಮತ್ತೊಮ್ಮೆ ಹೇಳು. ನಾ ನಡುವ ಬಾಯಿ ಹಾಕಂಗಿಲ್ಲ."

ಅವಳು ಹೇಳಿದಳು. ಹುಬ್ಬಳ್ಳಿಗೆ ಬರಲು ಅವಳಿಗೆ ಮನಸ್ಸಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಯಲು ಬರುವ ಹನ್ನೊಂದು ಹೆಂಗಸರನ್ನು ಬಿಟ್ಟು ಬರಲು ಅವಳಿಗೆ ಆಗುವುದಿಲ್ಲ. ಎಲ್ಲರೂ ಗಾರ್ಮೆಂಟ್ಸಿನಲ್ಲಿ ಕೆಲಸ ಹಿಡಿಯಬೇಕೆಂದು ಬರುವವರು. ಬೆಳಿಗ್ಗೆ ಗೌರಮ್ಮನ ಜೊತೆ ಜಾಲಹಳ್ಳಿಯ ಮರಗಳ ಕೆಳಗೆ ನಡೆದು ಬರುವುದು, ಬೇಕೆನಿಸಿದಾಗ ಮೆಟ್ರೋ ಹತ್ತಿ ಮಲ್ಲೇಶ್ವರಕ್ಕೆ ಒಬ್ಬಳೇ ಹೋಗಿ ದಾರ, ಗುಂಡಿ ತರುವುದು, ತರಕಾರಿಯವನ ಹತ್ತಿರ ಬೆಂಗಳೂರು ಮಾತಿನಲ್ಲೇ ಜಗಳ ಆಡುವುದು, ಇದ್ಯಾವುದನ್ನೂ ಬಿಡಲು ಮನಸ್ಸಿಲ್ಲ. "ಅಲ್ಲಿ ನನಗ ಟೈಲರ್ ಶಾಂತಕ್ಕ ಅಂತಾರ. ಇಲ್ಲಿ ನಾ ಇನ್ನೂ ನಿಮ್ಮ ಮನಿ ಸೊಸಿ" ಎಂದಳು. ಎದೆಯೆತ್ತರಕ್ಕೆ ಕೈ ತೋರಿಸಿದ್ದು ಅಡುಗೆ ಕಟ್ಟೆಯಲ್ಲ, ನಾವು ಹೊಸದಾಗಿ ಬಂದಾಗ ಅವಳು ತಂದು ನೆಟ್ಟ ನುಗ್ಗೆ ಗಿಡ ಆಗ ಅಷ್ಟಿತ್ತಂತೆ.

ನಡುವೆ ಮೂರು ಸಲ ನನ್ನ ಬಾಯಿಯವರೆಗೆ ಮಾತು ಬಂತು. ಹುಬ್ಬಳ್ಳಿಯಲ್ಲೂ ಹೊಲಿಗೆ ಹೇಳಿಕೊಡಬಹುದಲ್ಲ ಎಂದು, ಇಲ್ಲಿ ಗಾಳಿ ಚೆನ್ನಾಗಿದೆ ಎಂದು, ಕೊಟ್ಟ ಮಾತು ಏನಾಗಬೇಕು ಎಂದು. ಮೂರನ್ನೂ ನುಂಗಿದೆ. ನುಂಗುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು, ಅವಳು ಅದನ್ನು ಎಷ್ಟು ವರ್ಷ ಮಾಡಿದ್ದಾಳೆ ಎಂಬುದೂ.

ಫೋನು ಮತ್ತೆ ಬಡಿದುಕೊಂಡಿತು. "ಸಹಿ ಹಾಕೂದಿಲ್ಲರಿ" ಎಂದೆ. "ನಮ್ಮ ಮನಿಯಾಕಿಗೆ ಒಪ್ಪಿಗಿ ಇಲ್ಲ. ನಾ ಮೊದಲ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನಂದು." ಆ ಕಡೆಯವರು ಎರಡು ಮಾತು ಬೈದರು, ಅದನ್ನು ಬಲಗಿವಿಯಲ್ಲೇ ಕೇಳಿಸಿಕೊಂಡೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಕಡೆಯ ಜನರ ನಡುವೆ, ನಮ್ಮ ಕಡೆಯ ಮಾತಿನಲ್ಲಿ ಮುದುಕನಾಗಬೇಕು ಎಂಬ ಆಸೆ ನನಗೆ ನಿಜವಾಗಿಯೂ ಇತ್ತು.

ಹೊರಗೆ ಬಂದು ಊರೊಳಗೆ ಹೋಗಿ ಒಂದು ಹೋಟೆಲಿನಲ್ಲಿ ಕೂತೆವು. ಗಿರಮಿಟ್ಟು, ಮಿರ್ಚಿ ತರಿಸಿದೆ. ನಾನು ಹೇಳದೆಯೇ ಶಾಂತಾ ನನ್ನ ಬಲಕ್ಕೆ ಬಂದು ಕೂತಿದ್ದಳು. ಇಬ್ಬರೂ ನಿಧಾನವಾಗಿ ತಿಂದೆವು. ನನಗೆ ಒಂದು ವಿಷಯ ಒಳಗೇ ಕೊರೆಯುತ್ತಿತ್ತು.

"ಆ ಕಿವಿಗೆ ಮೊದಲನೇ ಸಲ ಏನು ಹೇಳಿದ್ದಿ?" ಎಂದು ಕೇಳಿದೆ.

ಅವಳು ಮಿರ್ಚಿಯ ತೊಟ್ಟು ಮುರಿಯುತ್ತಾ ಯೋಚಿಸಿದಳು. "ಗೌರಮ್ಮಾರ ಹಿಂದಿನ ಖೋಲಿಯೊಳಗ ಇದ್ವಿ. ಮಗಳು ಸಾಲ್ಯಾಗ ಮೂರನೇ ಇಯತ್ತೆ ಇದ್ದಳು. ಟ್ಯಾಂಕರಿಗೆ ಕೊಡಾ ಹಿಡಕೊಂಡು ನಿಂತು ನಿಂತು ನನಗ ಸಾಕಾಗಿತ್ತು. ಅಷ್ಟು ವರ್ಷ ಆದ್ರೂ ಅಲ್ಲಿ ಮಾತು ನನಗ ಹೊಂದಿರಲಿಲ್ಲ. ನೀವು ಪೇಪರ್ ಓದಕೋಂತ ಕುಂತಿದ್ರಿ, ನಾ ಬಂದು ಎಡಕ ಕುಂತೆ."

"ಏನಂದಿ?"

"ನನಗ ಇಲ್ಲಿ ಇರಾಕ ಆಗೂದಿಲ್ಲ, ಊರಿಗೆ ಕರಕೊಂಡು ಹೋಗ್ರಿ ಅಂದೆ. ನಿಮ್ಮ ಕಿವಿ ವಿಷಯ ಅವಾಗ ನನಗ ಗೊತ್ತಿರಲಿಲ್ಲ. ನೀವು ಹೂಂ ಅಂದ್ರಿ. ನಾ ಒಂದು ವರ್ಷ ಕಾದೆ."